ಎರಡನೇ ಟೋಕನ್ನಿಗೆ ಮುನ್ನೂರು ಉತ್ತರ

ಇದು ಹೀಗೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು; ಈಗ ಆ ವಿದ್ಯೆ ನನ್ನ ನೆನಪಿನ ಮೇಲೆಯೇ ತಿರುಗಿಬಿದ್ದಿದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಬೆಟಗೇರಿಯಿಂದ ಮಲ್ಲಸಮುದ್ರದ ಮನೆಗೆ ಎರಡು ಸಲ ಮರಳಿದ್ದುಂಟು. ಒಂದೇ ಸಲವೂ ಇರಬಹುದು. ಇಂಥವನ ಕೈಗೆ ನಮ್ಮ ಕಡೆಯ ಪ್ರೋಗ್ರಾಮಿಂಗ್ ಆಸಕ್ತರ ಆನ್‌ಲೈನ್ ವೇದಿಕೆಯ ಉಸ್ತುವಾರಿ ಬಂದಿದೆ. ಅಲ್ಲಿ ಜಗಳವಿಲ್ಲ, ಮರ್ಯಾದೆಯದೇ ಕಾಟ. ಒಬ್ಬರು ನಮಸ್ಕಾರ ಎಂದರೆ ಇಪ್ಪತ್ತು ಜನ ಮರುನಮಸ್ಕಾರ ಹಾಕದೆ ಬಿಡುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ವೇದಿಕೆಯ ಸದಸ್ಯೆ, ಲಕ್ಷ್ಮೇಶ್ವರದ ಶಾಹೀನ್ ಫೋನ್ ಮಾಡಿದಳು. ಶಿರಹಟ್ಟಿಯ ದವಾಖಾನೆಯೊಂದರಲ್ಲಿ ಅವಳ ಕೆಲಸ. ರೋಗಿಗಳ ಸರದಿ ತೋರಿಸುವ ಪ್ರೋಗ್ರಾಮನ್ನು ತಾನೇ ಬರೆದಿದ್ದಳು. ಅದು ಒಂದನೆಯ ಟೋಕನ್ ಆದಮೇಲೆ ನೇರ ಹತ್ತನೆಯದನ್ನು ಕರೆಯುತ್ತಿತ್ತು. ಎರಡನೆಯವರು ಕುಳಿತೇ ಇರುತ್ತಿದ್ದರು. “ಸರ್, ನಾಳೆ ಹತ್ತಕ್ಕ ಇದನ್ನ ಡಾಕ್ಟರ್‌ಗೆ ತೋರಸಬೇಕು. ಹಿಂಗ ಕೆಟ್ಟರ ಮತ್ತ ಚೀಟಿ ಹಿಡದು ಒದರೂದ ನನ್ನ ನಸೀಬು. ವೇದಿಕೆದಾಗ ನಾ ಕೇಳಿದ್ದಕ್ಕ ಮುನ್ನೂರು ಉತ್ತರ ಬಂದಾವು, ಕೆಲಸಕ್ಕ ಬರೂದು ಯಾವ್ದಂತ ತಿಳಿವಲ್ದು.”

ತೆರೆದು ನೋಡಿದೆ. ಚರ್ಚೆ ಮುಂಡರಗಿಯ ಮಿರ್ಚಿ ಭಜಿ ಮೇಲೋ, ಲಕ್ಷ್ಮೇಶ್ವರದ್ದೋ ಎಂಬಲ್ಲಿಗೆ ಮುಟ್ಟಿತ್ತು. ಊರ ಹರಟೆಕಟ್ಟೆಯ ಹಾಗೆ ‘ಕಟ್ಟಿ’ ಎಂಬ ಬೇರೆ ವಿಭಾಗ ತೆರೆದು ಕುಶಲ, ಚಹಾ, ಮಿರ್ಚಿಗಳನ್ನೆಲ್ಲ ಅಲ್ಲಿಗೆ ಸಾಗಿಸತೊಡಗಿದೆ. ಕೂಡಲೇ ವೇದಿಕೆಯ ಹಿರಿಯ ಸದಸ್ಯರಾದ ಮುಂಡರಗಿಯ ನಿವೃತ್ತ ಗಣಿತ ಮಾಸ್ತರರ ಫೋನ್ ಬಂತು.

“ಏನ್ರಿ, ಮಂದಿ ನಮಸ್ಕಾರ ಎತ್ತಿ ಹೊರಗ ಒಗಿಯಾಕ ಹತ್ತೀರಲ್ಲ?”

“ಒಗದಿಲ್ರಿ, ಕಟ್ಟಿ ಮ್ಯಾಲೆ ಕುಂಡ್ರಿಸೇನ್ರಿ.”

“ಹಂಗಾರ ಆತು. ನನ್ನ ಮಿರ್ಚಿ ಮಾತು ಜ್ವಾಕಿ.”

ಸಂಜೆಗೆ ಒಂಬತ್ತೇ ಉತ್ತರ ಉಳಿದವು. ಮೊದಲನೆಯದು ಮಾಸ್ತರರದೇ: “ತಂಗಿ, ಟೋಕನ್ನ ಅಂಕಿ ಅಂತ ಎಣಿಸಿಲ್ಲ ನೀ, ಅಕ್ಷರದಂಗ ಜೋಡಿಸೀದಿ. ಒಂದರಿಂದ ಶುರು ಆಗತೈತಂತ ಹತ್ತು ಎರಡಕ್ಕಿಂತ ಮುಂದ ನುಗ್ಗತೈತಿ.” ಶಾಹೀನ್ ಒಂದು ಸಾಲು ತಿದ್ದಿದಳು.

ಸೋಮವಾರ ಹತ್ತೂವರೆಗೆ ಅವಳ ಫೋನ್. “ಎರಡನೇ ನಂಬರಿನ ಅಜ್ಜಿ ಎರಡನೇದಕ್ಕ ಒಳಗ ಹೋದ್ಲು ಸರ್. ಡಾಕ್ಟರ್ ಇನ್ನ ಬ್ಯಾಡಂತ ಚೀಟಿ ಡಬ್ಬಿ ಕಪಾಟಿನ ಮ್ಯಾಲೆ ಇಟ್ರು.” ಆ ದಿನವಿಡೀ ಗದಗಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ವಿಷಯ ಬಿಟ್ಟು ಹೊರಳುವ ಚಾಳಿಯ ಬಗ್ಗೆ ವೇದಿಕೆಯಲ್ಲಿ ಉದ್ದನೆಯ ಉಪದೇಶವನ್ನೂ ಬರೆದೆ. ಅದಕ್ಕೆ ನಲವತ್ತು ನಮಸ್ಕಾರ ಬಂದವು. ಮಾಸ್ತರರು ಮಾತ್ರ, “ಹೊರಳಿಸಿದವರು ಯಾರಂತ ಒಮ್ಮೆ ನೋಡ್ರಿ” ಎಂದು ಬರೆದರು.

ಉಳಿದದ್ದರಲ್ಲಿ ಯಾರು ಏನೆಂದರೋ, ಮಿರ್ಚಿಯಲ್ಲಿ ಯಾವ ಊರು ಗೆದ್ದಿತೋ, ನನಗೆ ಖಚಿತವಿಲ್ಲ. ಇದೊಂದನ್ನು ಮಾತ್ರ ಕಟ್ಟಿಗೆ ಹೋಗಿ ಪರೀಕ್ಷಿಸಿದ್ದೇನೆ. ಮಾಸ್ತರರ ಸರಿಯುತ್ತರದ ಬೆನ್ನಿಗೇ ಬಂದ ಮೊದಲ ಮಾತು, “ನಮಸ್ಕಾರ್ರಿ ಮಾಸ್ತರ, ಮಿರ್ಚಿ ತಿಂದ್ರೇನ್ರಿ?” ಎಂಬುದು. ಕೆಳಗಿನ ಹೆಸರು ನನ್ನದು.