ವಡಪಳನಿಯಲ್ಲಿ ಜೀಪಿಗೆ ಪಂಜರ ಕಟ್ಟಿದ್ದು

ನನ್ನ ವೆಲ್ಡಿಂಗ್ ಷೆಡ್ಡಿನಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ, ಹಾಗಂತ ಕೆಟ್ಟು ಹೋದದ್ದೂ ಇಲ್ಲ. ಎರಡು ಬೀದಿ ಆಚೆ ನಿಂತ ವಡಪಳನಿ ಮುರುಗನ ದಯೆ ಅದು ಎಂದು ನನ್ನ ನಂಬಿಕೆ. ನಮ್ಮ ತಮಿಳು ಮೇಸ್ತ್ರಿ ಮಾತ್ರ ತನ್ನ ದಯೆ ಎನ್ನುತ್ತಿದ್ದ. ಕುಂದಾಪುರದಿಂದ ಮಾವನ ಹೋಟೆಲಿಗೆಂದು ಮದ್ರಾಸಿಗೆ ಬಂದು, ದೋಸೆಕಲ್ಲು ಬಿಟ್ಟು ಕಬ್ಬಿಣ ಹಿಡಿದವನು ನಾನು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಒಂದು ಜೀಪಿನ ಕೆಲಸ ಬಂತು. ಒಂದೇ ಜೀಪು, ಆದರೆ ನಗು ಮಾತ್ರ ಒಂದಲ್ಲ.

೧. ತಾಯಿಯ ಷರತ್ತು

ಜೀಪು ಒಬ್ಬ ಬ್ಯಾಂಕ್ ಹುಡುಗನದು. ಇಪ್ಪತ್ತಾರು ವಯಸ್ಸು, ಮೈಸೂರು ಕಡೆಯ ಮನೆ. ಅಮ್ಮ ಕನ್ನಡದಲ್ಲಿ ಕೇಳಿದರೆ ಇವನು ತಮಿಳಿನಲ್ಲಿ ಉತ್ತರಿಸುತ್ತಿದ್ದ. ಹಳೇ ಮಿಲಿಟರಿ ಜೀಪನ್ನು ಹರಾಜಿನಲ್ಲಿ ಹಿಡಿದು, ಗುಡ್ಡ ದಿಣ್ಣೆಗಳ ಮೇಲೆ ಓಡಿಸುವ ಪಂದ್ಯಕ್ಕೆ ಹೆಸರು ಕೊಟ್ಟಿದ್ದ. ಜೀಪು ಮಗುಚಿದರೂ ಕೂತವನ ತಲೆ ಅಪ್ಪಚ್ಚಿಯಾಗದಂತೆ ಮೇಲೆ ಪೈಪಿನ ಪಂಜರ ಬೇಕು. ರೋಲ್ ಕೇಜ್ ಎನ್ನುತ್ತಾರೆ. ಅದಿಲ್ಲದೆ ಕೀಲಿಕೈ ಕೊಡುವುದಿಲ್ಲ ಎಂದು ಅವನಮ್ಮ ಹಟ ಹಿಡಿದು, ತಾವೇ ಷೆಡ್ಡಿಗೆ ಬಂದರು. ಅವರಿಗೆ ಇದ್ದದ್ದು ಅವನೊಬ್ಬನೇ.

"ರಾಯರೇ, ಇದು ನನ್ನ ಮಗನ್ನ ಕಾಪಾಡುತ್ತಾ?"

ನನಗೆ ಸುಳ್ಳು ಬಾರದು. "ಕಾಪಾಡೋನು ಮುರುಗ, ಅಮ್ಮಾ. ನಾನು ಪೈಪ್ ಬೆಸೀತೇನೆ, ಅಷ್ಟೇ" ಎಂದೆ.

ಅವರು ನನ್ನ ಹಣೆಯ ವಿಭೂತಿಯನ್ನೂ ಗೋಡೆಯ ದೇವರ ಪಟವನ್ನೂ ನೋಡಿದರು. "ಮುರುಗನ ಹತ್ತಿರ ನಾನು ಮಾತಾಡ್ಕೋತೀನಿ. ನಿಮ್ಮ ಬೆಸುಗೆ ಬಿಡುತ್ತೋ ಇಲ್ವೋ, ಅದನ್ನ ಹೇಳಿ."

"ಬಿಡೋದಿಲ್ಲ" ಎಂದುಬಿಟ್ಟೆ. ಆ ಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ.

"ಬೋಲ್ಟ್ ಮಾತ್ರ ಬೇಡ, ಸಡಿಲ ಆಗುತ್ತೆ. ಎಲ್ಲಾ ಬೆಸೆದೇ ಬಿಡಿ" ಎಂದು ಹೋಗುವಾಗ ಇನ್ನೊಂದು ಷರತ್ತು ಹಾಕಿದರು. ಹೂಂ ಎಂದೆ. ಆ ಹೂಂಕಾರದ ಫಲ ಆಮೇಲೆ ಗೊತ್ತಾಯಿತು.

೨. ಪವಿತ್ರವಾದ ಮರಳು

ದಪ್ಪ ಪೈಪನ್ನು ಸುಮ್ಮನೆ ಬಗ್ಗಿಸಿದರೆ ಚಪ್ಪಟೆಯಾಗುತ್ತದೆ. ಒಳಗೆ ಒಣ ಮರಳು ತುಂಬಿ, ಎರಡೂ ತುದಿಗೆ ಮರದ ಬಿರಡೆ ಬಡಿದು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಒಬ್ಬ ತಾಯಿಯ ಮಗನ ತಲೆ ಕಾಯುವ ಪೈಪಿಗೆ ಎಂಥೆಂಥದೋ ಮರಳು ಯಾಕೆ ಎಂದು, ಅಮಾವಾಸ್ಯೆಯ ದಿನ ತ್ರಿಪ್ಲಿಕೇನಿನ ದೇವರಿಗೆ ಕೈ ಮುಗಿದು, ಮರೀನಾದಲ್ಲಿ ಸಮುದ್ರಸ್ನಾನ ಮಾಡಿ, ಅಲ್ಲಿಂದಲೇ ಒಂದು ಚೀಲ ಮರಳು ಬಸ್ಸಿನಲ್ಲಿ ಹೊತ್ತು ತಂದೆ.

"ಉಪ್ಪು ಮರಳು, ಸಾಮಿ. ಒಳಗೆ ನೀರಿರುತ್ತೆ. ಹುರಿದು ಹಾಕೋಣ" ಎಂದ ಮೇಸ್ತ್ರಿ.

"ಎರಡು ದಿನ ಬಿಸಿಲಲ್ಲಿ ಒಣಗಿದೆಯಲ್ಲ, ಸಾಕು."

ಪೈಪು ಕೆಂಪಾಗುತ್ತಿದ್ದಂತೆ ಒಳಗಿನ ತೇವ ಹಬೆಯಾಯಿತು. ಢಂ ಎಂದು ಬಿರಡೆ ಹಾರಿತು. ಎದುರಿಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ಅದು ನೇರ ಹೋಗಿ ಬಾಗಿಲ ಮೇಲೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳಕ್ಕೆ ಬಡಿಯಿತು. ಕಾಯಿ ನೂರು ಚೂರು.

ಮೇಸ್ತ್ರಿ ಮೈಮೇಲಿನ ಬೀಜ ಒರೆಸಿಕೊಳ್ಳುತ್ತಾ ಹೇಳಿದ, "ದೃಷ್ಟಿ ಕಳೀತು, ಸಾಮಿ. ಈಗ ಮರಳು ಹುರಿಯೋಣವಾ?"

೩. ಮೊದಲ ಸವಾರ

ಪಂಜರ ಮುಗಿಯಿತು. ಪ್ರತಿ ಬೆಸುಗೆಯನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದೆ, ಪ್ರತಿ ಪೆಟ್ಟಿಗೂ ಒಂದು ಸಲ ಮುರುಗನ ಷಡಕ್ಷರಿ ಮಂತ್ರ ಹೇಳಿದೆ. ಜೀಪನ್ನು ಹೊರಗೆ ತಳ್ಳಿದರೆ ಪಂಜರ ಬಾಗಿಲ ಮೇಲಿನ ತೊಲೆಗೆ ತಗುಲಿ ನಿಂತಿತು. ನಾನು ಷೆಡ್ಡಿನ ಸೂರಿಗೆ ಅಳತೆ ನೋಡಿದ್ದೆನೇ ಹೊರತು ಬಾಗಿಲಿಗೆ ನೋಡಿರಲಿಲ್ಲ. ಬಿಚ್ಚೋಣವೆಂದರೆ ಒಂದು ಬೋಲ್ಟೂ ಇಲ್ಲ.

ನಾಲ್ಕೂ ಟೈರಿನ ಗಾಳಿ ಇಳಿಸಿದೆವು. ಇನ್ನೂ ಎರಡು ಬೆರಳು ಕಮ್ಮಿ.

"ಭಾರ ಹಾಕಬೇಕು, ಸ್ಪ್ರಿಂಗ್ ಕೂರುತ್ತೆ" ಎಂದ ಮೇಸ್ತ್ರಿ ಪಕ್ಕದ ಮೆಸ್ಸಿಗೆ ಹೋಗಿ, ಊಟ ಮುಗಿಸಿ ಬೀಡಾ ಹಾಕುತ್ತಿದ್ದ ಎಂಟು ಜನರನ್ನು ಕರೆತಂದ. ಹತ್ತಿರದ ಸಿನಿಮಾ ಸ್ಟುಡಿಯೋದ ಎಕ್ಸ್‌ಟ್ರಾಗಳು, ಎಲ್ಲರೂ ವೇಷದಲ್ಲೇ. ಇಬ್ಬರು ಸೈನಿಕರು, ಒಬ್ಬ ಋಷಿ, ಇನ್ನೂ ಯಾರು ಯಾರೋ. ಓಡಿಸುವವನ ಸೀಟಿನಲ್ಲಿ ಎಲ್ಲರಿಗಿಂತ ದಪ್ಪನಾದ ಯಮಧರ್ಮರಾಯ, ಗದೆ ಸಮೇತ.

ಜೀಪು ಕುಸಿಯಿತು. ತಳ್ಳಿದೆವು. ಪಂಜರ ತೊಲೆಯನ್ನು ಸವರಿಕೊಂಡು ಹೊರಬಂತು. ಅದೇ ಹೊತ್ತಿಗೆ ಹುಡುಗನ ಅಮ್ಮ ಹೂವು, ನಿಂಬೆಹಣ್ಣು ಹಿಡಿದು ಪೂಜೆಗೆಂದು ಬೀದಿ ತಿರುಗಿದರು. ಮಗನ ಸೀಟಿನಲ್ಲಿ ಯಮ ಕೂತಿದ್ದಾನೆ.

ಯಮನೇ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಮನ್ನಿಚ್ಚುಡುಂಗಮ್ಮಾ, ತಪ್ಪಾಯ್ತು, ನಾನು ಬರೀ ಎಕ್ಸ್‌ಟ್ರಾ" ಎಂದ.

ನನಗೆ ದೇವರು ಬುದ್ಧಿ ಕೊಟ್ಟ. "ಅಮ್ಮಾ, ಒಳ್ಳೆಯದೇ ಆಯಿತು. ಈ ಜೀಪಿಗೆ ಅವನು ಬಂದು ಹೋಗಿದ್ದಾಯಿತು" ಎಂದೆ.

ಅವರು ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟರು. "ಸರಿ, ಇಳಿದು ಹೋಗೋದನ್ನ ನಾನು ಕಣ್ಣಾರೆ ನೋಡ್ಬೇಕು."

ಯಮ ಇಳಿದ. ಬೀದಿಯ ಕೊನೆ ತಿರುಗುವವರೆಗೂ ಅವರು ಅವನ ಬೆನ್ನು ನೋಡುತ್ತಲೇ ನಿಂತಿದ್ದರು.

೪. ಒಂದೂವರೆ ಸುತ್ತು

ಪಂದ್ಯ ಊರಾಚೆಯ ಕೆಮ್ಮಣ್ಣಿನ ದಿಣ್ಣೆಗಳಲ್ಲಿ. ನಾನು, ಮೇಸ್ತ್ರಿ, ಹುಡುಗನ ಅಮ್ಮ ಒಂದು ಕೆರೆ ಏರಿಯ ಮೇಲೆ ನಿಂತಿದ್ದೆವು. ಮೂರನೇ ದಿಣ್ಣೆ ಹತ್ತುವಾಗ ಜೀಪು ಒಂದು ಕಡೆಗೆ ವಾಲಿತು. ಅಮ್ಮ ನನ್ನ ತೋಳು ಹಿಡಿದರು. ಆ ಗಾಬರಿಯಲ್ಲಿ ನಾನು ಹರಕೆ ಹೊತ್ತೆ: ಮುರುಗಾ, ಬೆಸುಗೆ ಬಿಡದಿರಲಿ. ಜೀಪು ಎಷ್ಟು ಸಲ ಉರುಳುತ್ತದೋ ಅಷ್ಟು ಸುತ್ತು ನಿನ್ನ ಪ್ರಾಕಾರದಲ್ಲಿ ಉರುಳು ಸೇವೆ ಮಾಡುತ್ತೇನೆ.

ಒಂದೇ ಸುತ್ತು ಎಂದು ಹೇಳಿದ್ದರೆ ಸಾಕಿತ್ತು. ಜೀಪು ಒಂದು ಪೂರ್ತಿ ಪಲ್ಟಿ ಹೊಡೆದು, ಇನ್ನೂ ಅರ್ಧ ಉರುಳಿ, ಚಕ್ರ ಮೇಲೆ ಮಾಡಿ ಮಲಗಿತು.

ಓಡಿದೆವು. ಧೂಳು ಇಳಿಯಿತು. ಪಂಜರ ಒಂದು ಕೂದಲೆಳೆಯಷ್ಟೂ ಬಗ್ಗಿರಲಿಲ್ಲ. ಒಳಗೆ ಹುಡುಗ ಬೆಲ್ಟಿನಲ್ಲಿ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದ. ನನ್ನ ಕಾಲು ಮಾತ್ರ ಕಂಡಿತೋ ಏನೋ, ಜೀವಮಾನದಲ್ಲಿ ಮೊದಲ ಸಲ ಕನ್ನಡದಲ್ಲಿ ಅಂದ, "ಅಂಕಲ್, ಅಮ್ಮನಿಗೆ ಹೇಳ್ಬೇಡಿ."

"ಹೇಳಲ್ಲ ಕಣೋ" ಎಂದರು ಅಮ್ಮ, ಅವನ ಮುಖದ ಹತ್ತಿರ ಮಂಡಿಯೂರಿ. ಆಮೇಲೆ ಅತ್ತರು. ನಾನೂ ಅತ್ತೆ. ಮೇಸ್ತ್ರಿ ಬೆಸುಗೆಗಳನ್ನು ಎಣಿಸುವವನಂತೆ ಆ ಕಡೆ ತಿರುಗಿಕೊಂಡ. ಹುಡುಗನ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ಪ್ರಾಕಾರದಲ್ಲಿ ಮಲಗಿದೆ. ಒಂದೂವರೆ ಸುತ್ತಿಗೆ ನಿಲ್ಲಿಸಿದರೆ ಗರ್ಭಗುಡಿಯ ಹಿಂಭಾಗದಲ್ಲಿ ಏಳಬೇಕಾಗುತ್ತದೆ, ದೇವರ ಬೆನ್ನಿಗೆ ಕೈ ಮುಗಿಯುವುದು ಹೇಗೆ? ಎರಡೇ ಮಾಡುವುದೆಂದು ನಿಶ್ಚಯಿಸಿದೆ. ಒಂದೂವರೆಯವರೆಗೆ ಎಲ್ಲ ಸರಿಯಾಗಿತ್ತು. ನಾನಾಗಿ ಸೇರಿಸಿದ ಆ ಅರ್ಧದಲ್ಲಿ ತಲೆ ತಿರುಗಿ ದಾರಿ ತಪ್ಪಿ, ಕಲ್ಲುಕಂಬಕ್ಕೆ ಹಣೆ ಬಡಿಯಿತು.

ಎದ್ದು ಕೂತಾಗ ಹಣೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು. ಎದುರಿಗೆ ಪ್ರಸಾದ ಹಿಡಿದ ಅಮ್ಮ, ಪಕ್ಕದಲ್ಲಿ ಕ್ರಾಪು ಸಹ ಕೆಡದ ಮಗ. ಅಮ್ಮ ಅವನ ಹಣೆ ನೋಡಿದರು, ನನ್ನ ಹಣೆ ನೋಡಿದರು.

"ಅಲ್ಲ ರಾಯರೇ, ಅವನಿಗೆ ಅಷ್ಟು ಗಟ್ಟಿಯಾಗಿ ಕಟ್ಟಿದ್ರಲ್ಲ," ಎಂದರು ಬುಗುಟಿಗೆ ವಿಭೂತಿ ಹಚ್ಚುತ್ತಾ, "ಮಿಕ್ಕ ಪೈಪಲ್ಲಿ ನಿಮಗೂ ಒಂದು ಮಾಡ್ಕೋಬಾರದಿತ್ತಾ?"