ವಿಭೂತಿ ಹಚ್ಚಿಕೊಂಡ ಕರಡಿ

ನಾನು ಓದು ನಿಲ್ಲಿಸಿದ್ದು 1991ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಸ್ವಲ್ಪ ಮೊದಲು. ಪರೀಕ್ಷೆ ನನ್ನನ್ನು ಕೈಬಿಡುವ ಮುಂಚೆ ನಾನೇ ಅದನ್ನು ಕೈಬಿಟ್ಟೆ. ಅಂದಿನಿಂದ ದುಡಿಯುತ್ತಲೇ ಇದ್ದೇನೆ. ಕೂಡ್ಲಿಗಿಯಲ್ಲಿ ಸ್ವಂತ ಜೀಪಿದೆ; ಅದರ ಇಂಜಿನ್ ಬಿಚ್ಚಿ ಜೋಡಿಸಲು ನನಗೆ ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ. ಹೀಗಿರುವಾಗ ಜಪಾನಿನ ಮೇಡಂ ಒಬ್ಬರು ಬಂದು, "ನನ್ನ ಸಂಶೋಧನೆಗೆ ನಿಮ್ಮ ಸಹಾಯ ಬೇಕಾಗಿದೆ" ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಬಂದರಲ್ಲ ಅನ್ನಿಸಿತು, ಅಷ್ಟೆ!

ಹನಾ ಮೇಡಂ ತಮ್ಮ ದೇಶದ ಕಾಡುಗಳಲ್ಲಿ ವರ್ಷಗಟ್ಟಲೆ ಕರಡಿಗಳ ಹಿಂದೆ ಅಲೆದವರು. ಮೈಸೂರಿನಲ್ಲಿ ಕನ್ನಡ ಕಲಿತಿದ್ದರಿಂದ ಅಚ್ಚಾದ ಪುಸ್ತಕದಂತೆ ಮಾತಾಡುತ್ತಿದ್ದರು. ಜಪಾನಿನ ಕರಡಿ ಓಕ್ ಮರದ ಕಾಯಿ ತಿಂದು ಕೊಬ್ಬಿ, ಚಳಿಗಾಲವೆಲ್ಲ ಮಲಗಿಬಿಡುತ್ತದಂತೆ. ನಮ್ಮ ಕರಡಿ ಕಾರೆಹಣ್ಣು, ಗೆದ್ದಲು ತಿಂದು ವರ್ಷವಿಡೀ ದುಡಿಯುತ್ತದೆ, ನನ್ನ ಹಾಗೆ. ಆದರೆ ಎರಡಕ್ಕೂ ಎದೆಯ ಮೇಲೆ ಬಿಳಿ ಚಂದ್ರನಂಥ ಗುರುತು. ಒಂದೊಂದು ಕರಡಿಗೂ ಅದು ಒಂದೊಂದು ಥರ. ಅದನ್ನು ನೋಡಿ ಇದು ಯಾವ ಕರಡಿ ಎಂದು ಹೇಳಬಹುದು. ಎರಡೂ ದೇಶದ ಕರಡಿಗಳನ್ನು ಹೋಲಿಸಬಹುದು. ಅದಕ್ಕೆಂದೇ ಬಂಡೆಗುಡ್ಡದಲ್ಲಿ ಆರು ಕ್ಯಾಮೆರಾ ಕಟ್ಟಿದ್ದೆವು. ಪ್ರಾಣಿ ಮುಂದೆ ಬಂದರೆ ಅವು ತಾವೇ ಫೋಟೊ ತೆಗೆಯುತ್ತವೆ. ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಕೀಲಿ ನನ್ನ ಬಳಿ.

"ಕೊಟ್ರೇಶ ಅವರೇ, ಸೆಲ್ಲು ಮಾತ್ರ ಬದಲಿಸಿ. ಎದೆಯ ಗುರುತು ಸಿಕ್ಕರೆ ಮುಂದಿನ ವರ್ಷವೂ ಅಧ್ಯಯನ ನಡೆಯುತ್ತದೆ, ನೀವೇ ನನ್ನ ಸಹಾಯಕರು. ಸಿಗದಿದ್ದರೆ ನಾನು ನನ್ನ ದೇಶಕ್ಕೆ ಮರಳಬೇಕು" ಎಂದು ಹೇಳಿ ಮೇಡಂ ವೀಸಾ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಅವರು ಹೇಳಿದ್ದು ಸಹಾಯಕ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾನು ಹೇಳಿದ್ದು ವಿಜ್ಞಾನಿ!

ಅಷ್ಟರಲ್ಲಿ ಆಯುಧ ಪೂಜೆ ಬಂತು. ಜೀಪಿಗೆ ಆಯಿತು, ಸ್ಪ್ಯಾನರುಗಳಿಗೆ ಆಯಿತು, ಹೆಂಡತಿ ಗಂಗಮ್ಮನ ಮಿಕ್ಸಿಗೂ ಆಯಿತು. ಆಗ ಗುಡ್ಡದ ಬಿಸಿಲಿನಲ್ಲಿ ದುಡಿಯುತ್ತಿದ್ದ ಕ್ಯಾಮೆರಾಗಳು ನೆನಪಾದವು. ಚೆಂಡುಹೂವು, ಬಾಳೆಹಣ್ಣು, ವಿಭೂತಿ ಚೀಲಕ್ಕೆ ತುಂಬಿಕೊಂಡೆ.

"ಏನ್ರಿ, ಮೇಡಮ್ಮೋರು ಸೆಲ್ಲಷ್ಟ ಬದ್ಲಿ ಮಾಡ್ರಿ ಅಂದಿಲ್ಲೇನು?" ಎಂದಳು ಗಂಗಮ್ಮ.

"ನಿನ್ನ ಮಿಕ್ಸಿಗಿ ಪೂಜಿ, ಕ್ಯಾಮೆರಾಕ್ಕ ಇಲ್ಲ ಅಂದ್ರ ಅವೇನು ಅಂದ್ಕಂತಾವ? ನೀ ಸುಮ್ನಿರು. ಇದು ಅಧ್ಯಯನದ ವಿಷಯ."

ಗುಡ್ಡ ಹತ್ತಿದೆ. ಒಂದೊಂದು ಪೆಟ್ಟಿಗೆಗೂ ಚೆಂಡುಹೂವು ಏರಿಸಿದೆ. ಒಂದೊಂದರ ಎದುರಿನ ಕೊಂಬೆಗೂ ನೈವೇದ್ಯವೆಂದು ಬಾಳೆಹಣ್ಣಿನ ಚಿಪ್ಪು ಕಟ್ಟಿದೆ. ಇನ್ನು ವಿಭೂತಿ. ಆದರೆ ಕ್ಯಾಮೆರಾದ ಹಣೆ ಯಾವುದು? ಬಹಳ ಆಲೋಚಿಸಿ, ಗಾಜೇ ಅದರ ಮುಖವಾದ್ದರಿಂದ ಹಣೆಯೂ ಅಲ್ಲೇ ಇರತಕ್ಕದ್ದು ಎಂದು ತೀರ್ಮಾನಿಸಿದೆ. ಗಾಜಿನ ಮೇಲೆ ಮೂರು ಬೆರಳು ಎಳೆದೆ. ಐದಕ್ಕೂ ಎಳೆದೆ. ಆರನೆಯದಕ್ಕೆ ಬರುವಷ್ಟರಲ್ಲಿ ವಿಭೂತಿ ಮುಗಿದಿತ್ತು. "ತಪ್ಪು ತಿಳ್ಕಬ್ಯಾಡಪ್ಪ" ಎಂದು ಅದರ ಕ್ಷಮೆ ಕೇಳಿ ಇಳಿದು ಬಂದೆ.

ಮೇಡಂ ಮರಳಿದ ದಿನ ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದರು. ವಿಜ್ಞಾನಿಯ ಕೆಲಸ ನೋಡಲು ಪಕ್ಕದ ಮನೆಯ ಈರಣ್ಣನನ್ನು ನಾನೇ ಕರೆಸಿದ್ದೆ. ಮೊದಲ ಫೋಟೊದ ತುಂಬ ಮುಚ್ಚಿದ ಕಣ್ಣು, ತೆರೆದ ಬಾಯಿ, ಎರಡು ದೊಡ್ಡ ಮೂಗಿನ ಹೊಳ್ಳೆ.

"ಇದು ಯಾವ ಪ್ರಾಣಿ?" ಎಂದರು ಮೇಡಂ.

"ಅದು ನಮ್ಮ ಮನೀದ್ರಿ" ಎಂದಳು ಗಂಗಮ್ಮ.

ಮುಂದಿನ ಫೋಟೊಗಳಲ್ಲಿ ಮೊಲ ಬಂತು, ನರಿ ಬಂತು. ಎಲ್ಲಕ್ಕೂ ಮಂಜಿನಂಥ ಮೂರು ಬಿಳಿ ಪಟ್ಟಿ! ಆಮೇಲೆ ಕರಡಿ. ಬಾಳೆಹಣ್ಣಿಗಾಗಿ ಎರಡು ಕಾಲಿನ ಮೇಲೆ ಎದ್ದು ನಿಂತಿತ್ತು.

"ನಿಂತಿದೆ! ಎದೆ ತೋರಿಸಿ ನಿಂತಿದೆ!" ಮೇಡಂ ಕುರ್ಚಿಯಿಂದ ಎದ್ದರು. ಮತ್ತೆ ಕುಳಿತರು. "ಆದರೆ, ಎದೆ ಎಲ್ಲಿದೆ?"

ಮೂರು ಪಟ್ಟಿಗಳ ಮೇಲೆ ಗುರುತಿನ ತುದಿಯಷ್ಟೇ ಇಣುಕುತ್ತಿತ್ತು. ಈರಣ್ಣ ಚಪ್ಪಲಿ ಕಳಚಿದ. "ಚಂದ್ರನ ಚೂರೂ ಐತಿ, ವಿಭೂತಿನೂ ಐತಿ. ಲೇ ಕೊಟ್ರ, ಕೈ ಮುಗಿಯಲೇ!"

ನಾನು ಮೇಡಂಗೇ ಮುಗಿದೆ. ಐದು ಕ್ಯಾಮೆರಾದಲ್ಲೂ ಇದೇ ಕಥೆ. ಅವರು ಆರನೆಯದನ್ನು ತೆರೆದರು. ಅಲ್ಲೊಂದು ಕರಡಿ ಬಾಳೆಹಣ್ಣಿಗೆ ಕೈ ಚಾಚಿ ನಿಂತಿತ್ತು. ಎದೆಯ ಮೇಲೆ ಚಂದ್ರ, ತೊಳೆದಿಟ್ಟ ಹಾಗೆ! ಅದರ ಹಿಂದೆ ಇನ್ನೊಂದು, ಬೇರೆಯದೇ ಚಂದ್ರ.

ಮೇಡಂ ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಇದು ಸಾಕು. ಅಧ್ಯಯನ ಮುಂದುವರಿಯುತ್ತದೆ. ಕೊಟ್ರೇಶ ಅವರೇ, ಇದಕ್ಕೆ ಮಾತ್ರ ಏಕೆ ವಿಭೂತಿ ಇಲ್ಲ?"

ಎದೆಯುಬ್ಬಿಸಿ, "ಹೋಲಿಸಿ ನೋಡಾಕ ಬೇಕಂತ ಬಿಟ್ಟಿದ್ನಿ ಮೇಡಂ" ಎಂದೆ.

"ವಿಭೂತಿ ಸಾಲಲಿಲ್ರಿ" ಎಂದಳು ಗಂಗಮ್ಮ.

ಮೇಡಂ ತಲೆಬಾಗಿ, ಎರಡೂ ಕೈ ಮುಂದೆ ಚಾಚಿ ನನ್ನಿಂದ ಕೀಲಿ ಇಸಿದುಕೊಂಡರು. ಅಷ್ಟೇ ಮರ್ಯಾದೆಯಿಂದ ಗಂಗಮ್ಮನಿಗೆ ಕೊಟ್ಟರು.

ಈಗ ನನಗಿರುವುದು ಒಂದು ಜೀಪು, ಒಬ್ಬಳು ಹೆಂಡತಿ, ಮುಂದಿನ ವರ್ಷದ ಕೆಲಸ, ಗೋಡೆಯ ಮೇಲೆ ವಿಭೂತಿ ಹಚ್ಚಿಕೊಂಡ ಒಂದು ಕರಡಿ. ಕೀಲಿ, ಒಂದೂ ಇಲ್ಲ.