ಗುಲ್ಶನ್‌ನ ತಂತಿ ಕತ್ತರಿಸಿದ ಭಾನುವಾರ

೧೯೭೪ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲೇ ನಾನು ಓದು ನಿಲ್ಲಿಸಿದೆ. ಅಂದಿನಿಂದ ಫ್ರಿಜ್ ರಿಪೇರಿ ಮಾಡಿ ಬದುಕಿದವನು. ದೆಹಲಿಯ ಎಷ್ಟೋ ಎಂ.ಎ.ಗಳ ಹಾಲು ಮೊಸರು ಕೆಡದಂತೆ ಕಾಪಾಡಿದ್ದೇನೆ. ಪ್ಲಗ್ ಹಾಕದೆಯೇ "ಫ್ರಿಜ್ ಕೆಟ್ಟಿದೆ" ಎಂದು ಫೋನ್ ಮಾಡಿದ ಪ್ರೊಫೆಸರರನ್ನು ಹೌಜ್ ಖಾಸ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ! ಹಾಗಾಗಿ ತಂತಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ನಾವಿರುವುದು ಕಿದ್ವಾಯಿ ನಗರದಲ್ಲಿ. ಕ್ವಾರ್ಟರ್ಸು ಹೆಂಡತಿ ಶಾರದೆಯ ಸರ್ಕಾರಿ ನೌಕರಿಯದು, ಟಿವಿ ನನ್ನದು. ಆ ಟಿವಿಯನ್ನು ಆಳುತ್ತಿದ್ದವನು ಮಾತ್ರ ಕೇಬಲ್‌ನ ಗುಲ್ಶನ್. ಮನಸ್ಸು ಬಂದಾಗ ಕನ್ನಡ ಚಾನೆಲ್ ಕಿತ್ತು, ಆ ಜಾಗಕ್ಕೆ ಐದನೆಯ ಪಂಜಾಬಿ ಹಾಡಿನ ಚಾನೆಲ್ ತುರುಕುವ ದಪ್ಪ ಮೀಸೆಯ ಮಹಾರಾಜ.

"ರೀ, ಭಾನುವಾರ ಸಂಜೆ ಏಳಕ್ಕೆ ನಮ್ಮಣ್ಣನ ಮಗಳು ಟಿವಿಯಲ್ಲಿ ಹಾಡ್ತಾಳೆ. ನಾನು ನೋಡ್ಲೇಬೇಕು" ಎಂದಳು ಶಾರದೆ.

ಗುಲ್ಶನ್‌ನನ್ನು ಕೇಳಿದೆ. "ಅರೇ ಭಾಯಿಸಾಬ್, ನಾಲ್ಕು ಮದ್ರಾಸಿಗಳಿಗೋಸ್ಕರ ಒಂದು ಚಾನೆಲ್ಲಾ?" ಎಂದು ನಕ್ಕ.

ಮಗಳು ಪೂಜಾ ದಾರಿ ತೋರಿಸಿದಳು. "ಪಪ್ಪಾ, ಆ ಚಾನೆಲ್ ಇಂಟರ್ನೆಟ್‌ನಲ್ಲೂ ಲೈವ್ ಬರುತ್ತೆ. ಕೇಬಲ್ ಕೀ ಜರೂರತ್ ಹೀ ನಹೀಂ, ಕೇಬಲ್ಲೇ ಬೇಡ!"

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆವು. ನಾನು ಕೆಲಸಕ್ಕೆ ಹೋದಾಗ ಯಾರೋ ಬಂದು ತಂತಿ ಎಳೆದು ಹೋದರು. ಕಂಪ್ಯೂಟರಿಗೂ ಟಿವಿಗೂ ಗಂಟು ಹಾಕಿದವನು ನಾನೇ. ಶನಿವಾರ ಪರೀಕ್ಷೆ. ಚಿತ್ರ ಬಂತು!

ಇಷ್ಟಕ್ಕೇ ಸುಮ್ಮನಿದ್ದರೆ ನಾನು ನಾನೇ ಅಲ್ಲ. ಭಾನುವಾರ ಸಂಜೆ ಮಹಡಿಯ ಮನೆಯ ಮೂರ್ತಿಯವರನ್ನೂ ಆರ್.ಕೆ.ಪುರಂನ ಎರಡು ಕನ್ನಡ ಸಂಸಾರಗಳನ್ನೂ ಆಹ್ವಾನಿಸಿದೆ. ಗುಲ್ಶನ್‌ನನ್ನೂ ಕರೆಸಿದೆ. ಎಲ್ಲರ ಸಮ್ಮುಖದಲ್ಲಿ, ಬಾಲ್ಕನಿಯಲ್ಲಿ ನಿಂತು, ಕಟಿಂಗ್ ಪ್ಲೈಯರಿನಿಂದ ಕೇಬಲ್ ಕತ್ತರಿಸಿದೆ. ಕಚಕ್!

"ನಿನ್ನ ಕಾಲ ಮುಗೀತು ಭಯ್ಯಾ! ನಿನ್ನ ಒಂದು ತಂತೀನೂ ನನ್ನ ಮನೇಲಿರಬಾರದು. ಈಗಲೇ ಬಿಚ್ಚು!"

"ಒಂದೂ ಬೇಡ್ವಾ?"

"ಒಂದೂ!"

"ಅಚ್ಛಾ" ಎಂದು ಗುಲ್ಶನ್ ತಾರಸಿ ಹತ್ತಿದ. ಸೋತವನ ವಿನಯ ಎಂದುಕೊಂಡೆ.

ಏಳಕ್ಕೆ ಐದು ನಿಮಿಷವಿತ್ತು. ಟಿವಿಯಲ್ಲಿ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಇದೇನ್ರೀ, ಚಕ್ರ?" ಎಂದರು ಮೂರ್ತಿ.

"ಇಂಟರ್ನೆಟ್ ಸ್ವಲ್ಪ ಬಿಸಿಯಾಗ್ಬೇಕು ಸಾರ್" ಎಂದೆ, ಗಂಭೀರವಾಗಿ. ಫ್ರಿಜ್ ತಣ್ಣಗಾಗಲು ಹೊತ್ತು ಬೇಡವೇ? ಹಾಗೆ!

ಚಕ್ರವೂ ಮಾಯವಾಯಿತು. ಕಂಪನಿಗೆ ಫೋನ್ ಮಾಡಿದೆ. "ನಿಮ್ಮ ಏರಿಯಾದವರು ಅಲ್ಲೇ ಇದ್ದಾರೆ, ಕಳಿಸ್ತೀವಿ" ಎಂದರು. ಬೆಲ್ ಆಯಿತು. ಬಾಗಿಲು ತೆರೆದರೆ, ಮೀಸೆ!

"ಇಲ್ಲಿ ಇಂಟರ್ನೆಟ್ಟೂ ನಮ್ಮದೇ ಭಾಯಿಸಾಬ್. ಒಂದು ತಂತೀನೂ ಇರಬಾರದು ಅಂದ್ರಲ್ಲ, ಎರಡನ್ನೂ ಬಿಚ್ಚಿದೆ."

ಎಂಟನೇ ತರಗತಿಯವರೆಗೆ ಕಲಿತದ್ದೆಲ್ಲ ಮರೆತುಹೋಯಿತು. "ಜೋಡಿಸು ಭಯ್ಯಾ" ಎಂದೆ, ಮೆಲ್ಲಗೆ.

"ಜೋಡಿಸ್ತೀನಿ. ಆದ್ರೆ ಯಾಕೆ? ನಿನ್ನೆ ಭಾಭೀಜೀ ಬಂದು ಕೇಳಿದ್ರು. ಬೆಳಿಗ್ಗೆಯಿಂದ ಕೇಬಲ್‌ನಲ್ಲಿ ಕನ್ನಡ ಚಾನೆಲ್ ಹಾಕಿದೀನಲ್ಲ!"

ತಿರುಗಿ ನೋಡಿದೆ. ಶಾರದೆ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ನಿಮ್ಮನ್ನ ನಂಬ್ಕೊಂಡು ಕೂರೋಕಾಗುತ್ತಾ? ಇಪ್ಪತ್ತು ವರ್ಷ ಆಯ್ತು ಮದುವೆಯಾಗಿ! ಬನ್ನಿ ಮೂರ್ತಿಯವ್ರೇ, ನಿಮ್ಮನೇ ಕೇಬಲ್‌ನಲ್ಲಿ ನೋಡೋಣ."

ಆಹ್ವಾನಿತರೆಲ್ಲ ಮಹಡಿ ಹತ್ತಿದರು. ಚಕ್ಕುಲಿಯ ಡಬ್ಬವೂ ಹತ್ತಿತು. ಪೂಜಾ ಕೂಡ "ಸಾರಿ ಪಪ್ಪಾ" ಎಂದು ಓಡಿದಳು.

ಏಳೂ ಹತ್ತಕ್ಕೆ ನನ್ನ ಇಂಟರ್ನೆಟ್ ಬಂತು. ಶಾರದೆಯ ಅಣ್ಣನ ಮಗಳು ಹಾಡಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಆ ಬಾಯಿಯ ಹಾಡು ಮೇಲಿನ ಸೂರಿನಿಂದ ಸೊಗಸಾಗಿ ಇಳಿದು ಬಂತು. ಬೆನ್ನಿಗೇ ಚಪ್ಪಾಳೆ. ಕೆಳಗೆ ನಾನೂ ಬಾಯಿ ತೆರೆದೇ ಕೂತಿದ್ದೆ.

ಈಗ ನನ್ನಲ್ಲಿರುವುದು ಇಷ್ಟು: ಟಿವಿ ಒಂದು, ಕಂಪ್ಯೂಟರ್ ಒಂದು, ಕಟಿಂಗ್ ಪ್ಲೈಯರ್ ಒಂದು, ಗುಲ್ಶನ್‌ನ ತಂತಿ ಎರಡು.